ಸತ್ತವರು ಹಿಂದಕ್ಕೆ ನಡೆಯುವ ದಾರಿ

ಕೇಳುಗರಿಗೆ ನಮಸ್ಕಾರ.

ಇವತ್ತು ಹ್ಮಾಂಗ್ ಎಂಬ ಜನರ ವಿಷಯ. ಹೆಸರಿನ ಮೊದಲ ‘ಹ’ ಮೂಗಿನಲ್ಲೇ ಕರಗಿಹೋಗುತ್ತದೆ. ಅವರ ಬಾಯಲ್ಲಿ ಕೇಳಿದರೆ ‘ಮಾಂಗ್’ ಎಂದ ಹಾಗೇ ಇರುತ್ತದೆ. ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡಿನ ಬೆಟ್ಟಗಳಲ್ಲಿ ಬಾಳಿದವರು. ತಮ್ಮದು ಅಂತ ಒಂದು ದೇಶವಿಲ್ಲ. ಲಾವೋಸಿನ ಯುದ್ಧದಲ್ಲಿ ಅಮೆರಿಕದ ಸಿಐಎ ಇವರಲ್ಲಿ ಸಾವಿರಾರು ಜನರ ಕೈಗೆ ಬಂದೂಕು ಕೊಟ್ಟಿತ್ತು. 1975ರಲ್ಲಿ ಅಲ್ಲಿ ಕಮ್ಯುನಿಸ್ಟರು ಗೆದ್ದರು. ಇವರು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿಗೆ ಓಡಿದರು. ಅಲ್ಲಿಂದ ಬಹಳ ಮಂದಿ ಅಮೆರಿಕ ಸೇರಿದರು. ಈಗ ಅಲ್ಲಿ 3 ಲಕ್ಷಕ್ಕೂ ಜಾಸ್ತಿ ಹ್ಮಾಂಗ್ ಜನರಿದ್ದಾರೆ.

ಯುದ್ಧದ ಕಥೆ ಇಷ್ಟು ಸಾಕು. ನಾನು ಹೇಳಹೊರಟಿದ್ದು ಗೋರಿಗಳ ಕಥೆ. ಅದಕ್ಕೆ ಮೊದಲು ಇವರ ಸಾವಿನ ಮನೆಗೆ ಹೋಗಿ ಬರೋಣ.

ಈಗ ಎಷ್ಟೋ ಹ್ಮಾಂಗ್ ಮನೆಗಳು ಕ್ರೈಸ್ತ ಮನೆಗಳು. ಹಳೆಯ ನಂಬಿಕೆ ಉಳಿಸಿಕೊಂಡವರ ಮನೆಯಲ್ಲಿ ಸಾವಿನ ಕಾರ್ಯ ಒಂದು ದಿನಕ್ಕೆ ಮುಗಿಯುವುದಿಲ್ಲ. ಮೂರು ನಾಲ್ಕು ದಿನ, ಹಗಲು ರಾತ್ರಿ ನಡೆಯುತ್ತದೆ. ಬಿದಿರಿನ ಆರು ಕೊಳವೆಗಳ ‘ಖೆಂಗ್’ ಎಂಬ ವಾದ್ಯ ಊದುತ್ತಾರೆ. ಅದು ಸುಮ್ನೆ ಸಂಗೀತ ಅಲ್ಲ. ಅದರ ಒಂದೊಂದು ಸ್ವರವೂ ಒಂದೊಂದು ಮಾತು, ಸತ್ತವರ ಆತ್ಮಕ್ಕೆ ಹೇಳುವ ಮಾತು. ಶವದ ಮೈಮೇಲಿನ ಬಟ್ಟೆಯಲ್ಲಿ ಲೋಹದ ಗುಂಡಿ ಇರಬಾರದು. ಪೆಟ್ಟಿಗೆಗೆ ಕಬ್ಬಿಣದ ಮೊಳೆ ಹೊಡೆಯಬಾರದು. ಕಾಲಿಗೆ ಸೆಣಬಿನ ನಾರಿನಲ್ಲಿ ಹೆಣೆದ ಪಾದರಕ್ಷೆ. ಯಾಕೆ ಅಂದರೆ, ಸತ್ತವರು ಹೋಗುವ ದಾರಿಯಲ್ಲಿ ಕಂಬಳಿಹುಳಗಳದ್ದೇ ಒಂದು ಬೆಟ್ಟ ಸಿಗುತ್ತದೆಯಂತೆ. ಬರಿಗಾಲಲ್ಲಿ ದಾಟೋದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಹಾಡು. ‘ಖುವಾ ಕೆ’ ಅನ್ನುತ್ತಾರೆ. ದಾರಿ ತೋರಿಸುವ ಹಾಡು. ಹಾಡುವವನು ಆತ್ಮವನ್ನು ಹಿಂದಕ್ಕೆ ನಡೆಸಿಕೊಂಡು ಹೋಗುತ್ತಾನೆ. ಸತ್ತ ಊರಿಂದ ಅದಕ್ಕೂ ಹಿಂದಿನ ಊರಿಗೆ, ಅಲ್ಲಿಂದ ಅದರ ಹಿಂದಿನ ಊರಿಗೆ. ಬಾಳಿದ ಒಂದೊಂದು ಊರಿನ ಹೆಸರನ್ನೂ ಹೇಳಬೇಕು, ಒಂದನ್ನೂ ಬಿಡುವಂತಿಲ್ಲ. ಆಯಾ ಊರಿನ ನೆಲದ ದೈವಕ್ಕೆ ಸಾಲವನ್ನೂ ತೀರಿಸಬೇಕು. ಇಲ್ಲಿ ನೀರು ಕುಡಿದಿದ್ದೆ, ಇಲ್ಲಿ ಸೌದೆ ಉರಿಸಿದ್ದೆ, ತಗೋ. ಅದಕ್ಕೆಂದೇ ಕಾಗದದ ಹಣ ಸುಡುತ್ತಾರೆ.

ಈ ನಡಿಗೆ ಮುಟ್ಟುವುದು ಎಲ್ಲಿಗೆ? ಹುಟ್ಟಿದ ಮನೆಗೆ. ಹಿಂದೆ ಮಗು ಹುಟ್ಟಿದಾಗ ಮಾಸನ್ನು ಮನೆಯೊಳಗೇ ಹೂಳುತ್ತಿದ್ದರು. ಗಂಡು ಮಗುವಿನದು ನಡುಗಂಬದ ಬುಡದಲ್ಲಿ, ಹೆಣ್ಣು ಮಗುವಿನದು ಅಪ್ಪ ಅಮ್ಮನ ಮಂಚದ ಕೆಳಗೆ. ಮಾಸಿಗೆ ಅವರು ಹೇಳುವ ಹೆಸರೇ ‘ಅಂಗಿ’. ಹುಟ್ಟುವಾಗ ಕಳಚಿಟ್ಟ ಅಂಗಿಯನ್ನು ಮತ್ತೆ ತೊಟ್ಟುಕೊಂಡು ಆತ್ಮ ಪೂರ್ವಜರ ಹತ್ತಿರ ಹೋಗುತ್ತದೆ. ನಮ್ಮ ಕಡೆಯೂ ಮಾಸನ್ನು ಹಿತ್ತಲಲ್ಲಿ ಹೂಳುತ್ತಿದ್ದರು ಅಲ್ವಾ? ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ ನೋಡಿ.

ಮನುಷ್ಯನಿಗೆ ಒಂದೇ ಆತ್ಮ ಅಂತ ಇವರು ಎಣಿಸುವುದಿಲ್ಲ. ಲೆಕ್ಕ ಕುಲದಿಂದ ಕುಲಕ್ಕೆ ಬೇರೆ. ಮೂರು ಅನ್ನುವವರು ಜಾಸ್ತಿ. ಒಂದು ಪೂರ್ವಜರ ಬಳಿಗೆ ಹೋಗುತ್ತದೆ, ಒಂದು ಮತ್ತೆ ಹುಟ್ಟುತ್ತದೆ, ಇನ್ನೊಂದು ಮೂಳೆಗಳ ಜೊತೆ ಗೋರಿಯಲ್ಲೇ ಇರುತ್ತದೆ. ಆದ್ದರಿಂದ ಗೋರಿ ಅಂದರೆ ಯಾರೋ ವಾಸವಿರುವ ಮನೆ. ಜಾಗವನ್ನು ಬೆಟ್ಟದ ಇಳಿಜಾರು ನೋಡಿಯೇ ಆರಿಸುತ್ತಾರೆ. ಅದನ್ನು ಅಗೆದು ಕದಡಿದರೆ ಕಾಯಿಲೆ ಕಷ್ಟ ಬರೋದು ಮಕ್ಕಳು ಮೊಮ್ಮಕ್ಕಳಿಗೆ.

ಈಗ ಥಾಯ್ಲೆಂಡಿಗೆ ಬರೋಣ. ಬ್ಯಾಂಕಾಕಿನ ಉತ್ತರಕ್ಕೆ ಸರಬುರಿ ಪ್ರಾಂತ್ಯದಲ್ಲಿ ವಾಟ್ ಥಾಮ್ ಕ್ರಬೋಕ್ ಎಂಬ ಬೌದ್ಧ ಮಂದಿರವಿದೆ. ಅಫೀಮು, ಹೆರಾಯಿನ್ ಚಟ ಬಿಡಿಸುವುದಕ್ಕೆ ಹೆಸರಾದ ಜಾಗ. ನಿರಾಶ್ರಿತರ ಶಿಬಿರಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಹ್ಮಾಂಗ್ ಜನ ಈ ಮಂದಿರದ ನೆರಳಿಗೆ ಬಂದರು. ಮಂದಿರ ಜಾಗ ಕೊಟ್ಟಿತು. ಆ ಉಪಕಾರವನ್ನು ಮರೆಯಬಾರದು. ಅಲ್ಲೇ ಮಕ್ಕಳು ಹುಟ್ಟಿದರು, ಅಲ್ಲೇ ಹಿರಿಯರು ಸತ್ತರು, ಅಲ್ಲೇ ಮಣ್ಣಾದರು. 2004ರಿಂದ ಅಲ್ಲಿನ ಸುಮಾರು 15,000 ಜನರನ್ನು ಅಮೆರಿಕ ಕರೆಸಿಕೊಂಡಿತು. ಬದುಕಿದ್ದವರು ವಿಮಾನ ಹತ್ತಿದರು. ಗೋರಿಗಳು ಉಳಿದವು.

2005ರಲ್ಲಿ ಅಲ್ಲಿ 900ಕ್ಕೂ ಹೆಚ್ಚು ಹೆಣಗಳನ್ನು ಅಗೆದು ತೆಗೆದರು. ಗೋರಿಗಳಿಂದ ಊರಿನ ನೀರು ಕೆಡುತ್ತದೆ ಎಂಬ ಕಾರಣ ಕೇಳಿಬಂತು. ಅಗೆಯುವ ದೃಶ್ಯದ ವಿಡಿಯೊಗಳು ಅಮೆರಿಕದ ಹ್ಮಾಂಗ್ ಮನೆಗಳನ್ನು ತಲುಪಿದವು. ಅಪ್ಪನ ಮೂಳೆಯನ್ನು ಟಿವಿಯಲ್ಲಿ ನೋಡುವುದು ಅಂದರೆ ಹೇಗಿರಬಹುದು, ನೀವೇ ಯೋಚಿಸಿ.

ಥಾಯ್ಲೆಂಡಿನ ಚೀನೀ ಮೂಲದವರಲ್ಲಿ ಒಂದು ಪದ್ಧತಿಯಿದೆ. ಕೇಳುವವರಿಲ್ಲದ ಹೆಣಗಳನ್ನು ಮಣ್ಣಿನಿಂದ ತೆಗೆದು, ಮೂಳೆಗಳನ್ನು ತೊಳೆದು, ಮಂತ್ರ ಹೇಳಿ ಸುಡುತ್ತಾರೆ. ಜನ ಭಕ್ತಿಯಿಂದ ಮುಂದೆ ಬಂದು ಮಾಡುವ ಪುಣ್ಯದ ಕೆಲಸ ಅದು. ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಅದು ದಿಕ್ಕಿಲ್ಲದ ಹೆಣಗಳಿಗೆ ಮಾಡುವ ಉಪಕಾರ. ಇವಕ್ಕೆ ದಿಕ್ಕಿತ್ತು. ಮಗ ಅಮೆರಿಕದ ಮಿನ್ನೆಸೋಟದಲ್ಲಿದ್ದ, ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಳು. ಒಬ್ಬರಿಗೆ ಪುಣ್ಯವಾದದ್ದು ಇನ್ನೊಬ್ಬರಿಗೆ ಘಾತವಾಗಬಹುದು. ಅದಕ್ಕೇ ಗುದ್ದಲಿ ಎತ್ತುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕು.

ಕೊನೆಗೆ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕುಗಳನ್ನು ನೋಡಿಕೊಳ್ಳುತ್ತಿದ್ದ ಜೇಮ್ಸ್ ಅನಾಯಾ ಈ ವಿಷಯವನ್ನು ಥಾಯ್ ಸರ್ಕಾರದ ಮುಂದಿಟ್ಟರು. ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2007ರಲ್ಲಿ ಹೊರಡಿಸಿದ ಘೋಷಣೆಯ 12ನೇ ವಿಧಿಯಲ್ಲಿ, ಇಂಥ ಜನರಿಗೆ ತಮ್ಮ ಪವಿತ್ರ ಜಾಗಗಳನ್ನು ಕಾಪಾಡಿಕೊಳ್ಳುವ ಹಕ್ಕೂ ಇದೆ, ತಮ್ಮವರ ಮೂಳೆಗಳನ್ನು ವಾಪಸ್ ಪಡೆಯುವ ಹಕ್ಕೂ ಇದೆ. ಅಮೆರಿಕವೇ ತನ್ನ ಮೂಲನಿವಾಸಿಗಳ ಗೋರಿಗಳ ರಕ್ಷಣೆಗೆ ಕಾನೂನು ಮಾಡಿದ್ದು 1990ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿನ ಮ್ಯೂಸಿಯಂಗಳು ಮೂಳೆಗಳಿಂದ ತುಂಬಿದ್ದವು. ತಾನು ಕೈಗೆ ಬಂದೂಕು ಕೊಟ್ಟಿದ್ದ ಹ್ಮಾಂಗ್ ಯೋಧರಿಗೆ ತನ್ನ ಸೈನಿಕರ ಸ್ಮಶಾನದಲ್ಲಿ ಜಾಗ ಕೊಡಲು ಒಪ್ಪಿ ಕಾನೂನು ತಂದದ್ದಂತೂ 2018ರಲ್ಲಿ.

ಆ ಮಂದಿರದ ನೆರಳಲ್ಲಿ ಬಾಳಿದವರು ಈಗ ಅಮೆರಿಕದಲ್ಲಿ ಒಬ್ಬೊಬ್ಬರಾಗಿ ಮುದುಕರಾಗುತ್ತಿದ್ದಾರೆ. ಹಳೆಯ ಪದ್ಧತಿಯವರು ಸತ್ತಾಗ ದಾರಿಯ ಹಾಡಿನಲ್ಲಿ ವಾಟ್ ಥಾಮ್ ಕ್ರಬೋಕಿನ ಹೆಸರು ಬರಲೇಬೇಕು, ಬಿಡುವಂತಿಲ್ಲ. ಹಾಡುವವನು ಅಲ್ಲಿ ಆತ್ಮವನ್ನು ನಿಲ್ಲಿಸುತ್ತಾನೆ. ಆ ನೆಲದ ದೈವಕ್ಕೆ ಕಾಗದದ ಹಣ ಸುಡುತ್ತಾನೆ. ಅಲ್ಲಿ ಕುಡಿದ ನೀರಿನ ಸಾಲ ತೀರಿಸುತ್ತಾನೆ.

ನಮಸ್ಕಾರ.