ಅದೇ ಇಂಜಿನ್, 120 ಕಿಲೋ ಜಾಸ್ತಿ

ಕೇಳುಗರಿಗೆ ನಮಸ್ಕಾರ.

ಬೈಕ್ ಕೊಳ್ಳುವಾಗ ಮೊದಲು ಕೇಳುವುದೇ ಎಷ್ಟು ಸಿಸಿ ಅಂತ, ಅಲ್ವಾ? ಇವತ್ತು ನಾನು ಹೇಳಹೊರಟಿರುವ ಇಂಜಿನ್ 27 ಸಾವಿರ ಸಿಸಿಯದು. 12 ಸಿಲಿಂಡರ್. ಬ್ರಿಟನ್ನಿನ ರೋಲ್ಸ್ ರಾಯ್ಸ್ ಮಾಡಿದ ಮೆರ್ಲಿನ್. ಹೆಸರು ಒಂದು ಪುಟ್ಟ ಡೇಗೆ ಹಕ್ಕಿಯದು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮೂತಿಯಲ್ಲಿ ಗುಡುಗುತ್ತಿದ್ದುದು ಇದೇ.

1940ರಲ್ಲಿ ಇದ್ದದ್ದು ಮೆರ್ಲಿನ್ 3. ತೂಕ ಸುಮಾರು 625 ಕಿಲೋ, ಶಕ್ತಿ 1030 ಕುದುರೆ. 1942ರಲ್ಲಿ ಬಂದ ಮೆರ್ಲಿನ್ 61 ತೂಗಿದ್ದು ಸುಮಾರು 745 ಕಿಲೋ. ಶಕ್ತಿ 1565 ಕುದುರೆ. ಸಿಲಿಂಡರ್‌ಗಳ ಅಳತೆ ಮಾತ್ರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಹಾಗಾದರೆ ಆ 120 ಕಿಲೋ ಎಲ್ಲಿ ಕೂತಿತ್ತು?

ಹೆಚ್ಚಿನ ಪಾಲು, ಉಸಿರಾಟದ ಸಾಮಾನಿನಲ್ಲಿ. 30 ಸಾವಿರ ಅಡಿ ಮೇಲೆ ಗಾಳಿ ನೆಲದ ಮೇಲಿನ ಮೂರರಲ್ಲೊಂದು ಪಾಲಿಗಿಂತ ಚೂರು ಜಾಸ್ತಿ, ಅಷ್ಟೇ. ಪೆಟ್ರೋಲ್ ಎಷ್ಟಿದ್ದರೇನು, ಉರಿಯಲು ಗಾಳಿ ಬೇಕಲ್ಲ. ಅದನ್ನು ಒತ್ತಿ ತುಂಬುವುದು ಸೂಪರ್‌ಚಾರ್ಜರ್. ಹಳೆಯ ಮೆರ್ಲಿನ್‌ಗಳಲ್ಲಿ ಒಂದೇ ಹಂತ. 61ರಲ್ಲಿ ಒಂದರ ಹಿಂದೆ ಒಂದು, ಎರಡು ಹಂತ. ಆದರೆ ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಒತ್ತಿದ್ದೂ ಅರ್ಧ ದಂಡ. ಅದಕ್ಕೇ ನಡುವೆ ತಂಪು ಮಾಡಲು ಇಂಟರ್‌ಕೂಲರ್ ಕೂರಿಸಿದರು. ಲಾರಿಗಳ ಮೇಲೆ ‘ಟರ್ಬೋ ಇಂಟರ್‌ಕೂಲರ್’ ಅಂತ ಬರೆದಿರುತ್ತದಲ್ಲ, ಕೆಲಸ ಅದೇ.

ಇಷ್ಟೆಲ್ಲ ತುರುಕಿದ ಮೇಲೆ ಇಂಜಿನ್ ಸುಮಾರು ಒಂಬತ್ತು ಇಂಚು ಉದ್ದವಾಯಿತು. ವಿಮಾನದ ಮೂತಿಯನ್ನೂ ಎಳೆಯಬೇಕಾಯಿತು. ಮೂರು ರೆಕ್ಕೆಯ ಪ್ರೊಪೆಲರ್ ಸಾಲದೆ ನಾಲ್ಕು ರೆಕ್ಕೆಯದು ಬಂತು. ಆದರೂ ಲಾಭವೇ. 30 ಸಾವಿರ ಅಡಿಯಲ್ಲಿ ಹಿಂದಿನ ಮೆರ್ಲಿನ್ 45ಕ್ಕಿಂತ ಸುಮಾರು 300 ಕುದುರೆ ಜಾಸ್ತಿ ಸಿಕ್ಕವು.

ನನಗೆ ಇನ್ನೂ ಮಜಾ ಅನ್ನಿಸುವುದು ಮೆರ್ಲಿನ್ 66. ತೂಕ ಹೆಚ್ಚುಕಡಿಮೆ 61ರಷ್ಟೇ, ಶಕ್ತಿ 1720 ಕುದುರೆ! ಆದರೆ ಆ 1720 ಸಿಗುವುದು ಆರು ಸಾವಿರ ಅಡಿಯ ಆಸುಪಾಸಿನಲ್ಲಿ. ಸೂಪರ್‌ಚಾರ್ಜರಿನ ಗೇರನ್ನು ಕೆಳಗಿನ ಹಾರಾಟಕ್ಕೆ ಹೊಂದಿಸಿದ್ದರು. ತೀರಾ ಮೇಲೆ ಹಾರುವವರಿಗೆ ಮೆರ್ಲಿನ್ 70 ಬೇರೆಯೇ ಇತ್ತು. ಹಾಗಾಗಿ ಸುಮ್ನೆ ಎಷ್ಟು ಕುದುರೆ ಅಂತ ಕೇಳಿದರೆ ಸಾಲದು, ಎಷ್ಟು ಎತ್ತರದಲ್ಲಿ ಅಂತಲೂ ಕೇಳಬೇಕು.

ಇಷ್ಟಾದರೂ ಹೊಸ ಸ್ಪಿಟ್‌ಫೈರ್ ದೂರಕ್ಕೆ ಹಳೆಯದರ ಹಾಗೇ ಕಾಣುತ್ತಿತ್ತು. ಎದುರಾಳಿ ಜರ್ಮನ್ ಪೈಲಟ್‌ಗೆ ವ್ಯತ್ಯಾಸ ತಿಳಿಯುತ್ತಿದ್ದುದು, ಅದು ತನ್ನ ಹಿಂದೆಯೇ ಮೇಲೇರಿ ಬಂದಾಗ.