ಉಜ್ಜಬೇಡಿ, ತೊಳೆಯಿರಿ

ಕೇಳುಗರಿಗೆಲ್ಲ ನಮಸ್ಕಾರ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣದ ಅಲ್ಯೂಮಿನಿಯಂ ಒಡವೆ ಮಂಕಾಗಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ತೊಟ್ಟು. ಅಷ್ಟೇ. ಉಜ್ಜಬೇಡಿ, ತೊಳೆಯಿರಿ. ಇಷ್ಟು ಕೇಳಿ ಎದ್ದು ಹೋದರೂ ನನಗೆ ಬೇಸರವಿಲ್ಲ. ಆದರೆ ಯಾಕೆ ಅಂತ ಗೊತ್ತಿಲ್ಲದಿದ್ದರೆ ನಾಳೆ ಮತ್ತೆ ಕೈ ಹುಣಸೆಹಣ್ಣಿನ ಡಬ್ಬಕ್ಕೇ ಹೋಗುತ್ತದೆ. ಅದಕ್ಕೇ ಸ್ವಲ್ಪ ಕೂತು ಕೇಳಿ.

ಯಾವ ಒಡವೆ ಅಂತೀರಾ? ಹಿಂದಿನ ಕಾಲದ ಸೈನಿಕರು ಕಬ್ಬಿಣದ ಪುಟ್ಟ ರಿಂಗುಗಳನ್ನು ಒಂದರೊಳಗೊಂದು ಸೇರಿಸಿ ಮಾಡಿದ ಅಂಗಿ ತೊಡುತ್ತಿದ್ದರು. ಮ್ಯೂಸಿಯಂಗಳಲ್ಲಿ ನೋಡಿರುತ್ತೀರಿ. ಚೈನ್‌ಮೇಲ್ ಅಂತ ಅದರ ಹೆಸರು. ಅದೇ ಹೆಣಿಗೆಯಲ್ಲಿ ಈಗ ಸರ, ಬ್ರೇಸ್‌ಲೆಟ್, ಓಲೆ ಮಾಡುತ್ತಾರೆ. ಒಂದೊಂದು ರಿಂಗೂ ಅಕ್ಕಪಕ್ಕದ ನಾಲ್ಕು ರಿಂಗುಗಳನ್ನು ಹಿಡಿದುಕೊಂಡರೆ ಅದು ಯುರೋಪಿಯನ್ ಹೆಣಿಗೆ. ಬೈಝಂಟೈನ್ ಅಂತ ಇನ್ನೊಂದಿದೆ, ಅದು ದಪ್ಪ ಸರಕ್ಕೆ ಚೆನ್ನ. ಎರಡು ಇಕ್ಕಳ, ಒಳ್ಳೆ ಬೆಳಕು, ಜಾಸ್ತಿ ತಾಳ್ಮೆ ಇದ್ದರೆ ಮನೆಯಲ್ಲೇ ಮಾಡಬಹುದು. ಇದಕ್ಕೆ ಅಲ್ಯೂಮಿನಿಯಂ ಯಾಕೆ ಇಷ್ಟ ಅಂದರೆ, ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಕ. ದೊಡ್ಡ ಓಲೆ ಹಾಕಿಕೊಂಡರೂ ಕಿವಿ ಜಗ್ಗುವುದಿಲ್ಲ. ಮತ್ತೆ ಅದಕ್ಕೆ ಆನೊಡೈಸ್ ಮಾಡಿ ಬಗೆಬಗೆಯ ಬಣ್ಣ ಕೊಡಬಹುದು.

ಆ ಬಣ್ಣ ಕೊಡುವುದೇ ನನ್ನ ಕೆಲಸ. ಬೆಂಗಳೂರಿನ ಪೀಣ್ಯದಲ್ಲಿ ಆನೊಡೈಸಿಂಗ್ ವರ್ಕ್‌ಶಾಪ್ ನಡೆಸುತ್ತೇನೆ. ಹೆಚ್ಚಾಗಿ ಮೆಷಿನ್ ಭಾಗಗಳು ಬರುತ್ತವೆ. ಅವು ಯಾವತ್ತೂ ಬಣ್ಣ ಹೋಯಿತು ಅಂತ ಅಳುತ್ತಾ ವಾಪಸ್ ಬಂದಿಲ್ಲ. ಒಡವೆಗಳು ಬರುತ್ತವೆ.

ಆನೊಡೈಸ್ ಅಂದರೆ ಪೇಂಟ್ ಅಲ್ಲ. ಸುಮಾರು 15 ಪರ್ಸೆಂಟ್ ಗಂಧಕಾಮ್ಲದ ತೊಟ್ಟಿಯಲ್ಲಿ ಅಲ್ಯೂಮಿನಿಯಂ ಮುಳುಗಿಸಿ ಕರೆಂಟ್ ಹಾಯಿಸುತ್ತೇವೆ. ಆಗ ಲೋಹದ ಮೈಯೇ ಗಟ್ಟಿಯಾದ ಆಕ್ಸೈಡ್ ಪದರವಾಗುತ್ತದೆ. ಆ ಪದರದ ತುಂಬ ಜೇನುಗೂಡಿನ ಹಾಗೆ ಒತ್ತೊತ್ತಾಗಿ ಕಣ್ಣಿಗೆ ಕಾಣದ ತೂತುಗಳು. ಆ ತೂತುಗಳೊಳಗೆ ಬಣ್ಣ ಇಳಿಯುತ್ತದೆ. ಆಮೇಲೆ ಕುದಿಯುವ ನೀರಿಗೆ ಹಾಕಿದರೆ ಪದರ ಉಬ್ಬಿ ತೂತುಗಳ ಬಾಯಿ ಮುಚ್ಚಿಕೊಳ್ಳುತ್ತದೆ. ಬಣ್ಣ ಒಳಗೆ ಬಂದಿ. ಇಡೀ ಪದರದ ದಪ್ಪ ಎಷ್ಟು ಗೊತ್ತಾ? ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ಆಸುಪಾಸು.

ಬೆಳ್ಳಿ ಕಪ್ಪಾಗುತ್ತದೆ, ಹಿತ್ತಾಳೆ ಕಿಲುಬು ಹಿಡಿಯುತ್ತದೆ, ಅದನ್ನು ಉಜ್ಜಿ ತೆಗೆಯಬೇಕು, ಒಪ್ಪಿದೆ. ಇದು ಹಾಗಲ್ಲ. ಇದಕ್ಕೆ ಹಿಡಿಯಬೇಕಾದ ತುಕ್ಕನ್ನು ನಾವೇ ಮೊದಲೇ ಹಿಡಿಸಿ ಕಳಿಸಿರುತ್ತೇವೆ. ಇನ್ನು ಉಜ್ಜಿ ತೆಗೆಯುವುದಕ್ಕೆ ಅಲ್ಲಿ ಏನೂ ಇಲ್ಲ, ಬಣ್ಣ ಒಂದನ್ನು ಬಿಟ್ಟು. ಹಾಗಾದರೆ ಮಂಕಾಗಿ ಕಾಣುವುದು ಯಾಕೆ? ಬೆವರು, ಮೈಯ ಎಣ್ಣೆ, ಪೌಡರ್, ಕ್ರೀಮ್. ಹೊಳಪು ಎಲ್ಲೂ ಹೋಗಿಲ್ಲ, ಅದರ ಮೇಲೆ ಕೊಳೆ ಕೂತಿದೆ. ಸೋಪು ನೀರಿಗೆ ಆ ಕೊಳೆ ಬಿಡುತ್ತದೆ.

ಹಿಂದೊಮ್ಮೆ ಒಬ್ಬಳು ಕಾಲೇಜು ಹುಡುಗಿ ಅವಳ ಅಜ್ಜಿಯ ಜೊತೆ ವರ್ಕ್‌ಶಾಪಿಗೆ ಬಂದಳು. ಗೌರಿ ಹಬ್ಬ ಆಗಷ್ಟೇ ಮುಗಿದಿತ್ತು. ಹುಡುಗಿಯ ಕೈಯಲ್ಲಿ ಒಂದು ಬೈಝಂಟೈನ್ ಸರ. ನೇರಳೆ ಮತ್ತು ಚಿನ್ನದ ಬಣ್ಣದ ರಿಂಗುಗಳು, ಅವಳೇ ಹೆಣೆದದ್ದು. ಬಣ್ಣ ಇತ್ತು ಅಂತ ಅವಳು ಹೇಳಿದ್ದರಿಂದ ನಂಬಿದೆ, ನನ್ನ ಕಣ್ಣಿಗೆ ಮಾತ್ರ ಕಾಣಲಿಲ್ಲ. ಅಲ್ಯೂಮಿನಿಯಂ ತಟ್ಟೆಯ ಬಿಳುಪು. ಏನಮ್ಮಾ ಆಯಿತು ಅಂದೆ. ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಗೋಡೆ ನೋಡಿದರು.

ಹಬ್ಬದ ಹಿಂದಿನ ರಾತ್ರಿ ಅಜ್ಜಿ ಕಲಶ, ದೀಪದ ಕಂಬಗಳ ಜೊತೆ ಈ ಸರವನ್ನೂ ಹುಣಸೆಹಣ್ಣಿನ ನೀರಿಗೆ ಹಾಕಿಟ್ಟಿದ್ದರು. ಬೆಳಿಗ್ಗೆ ಎದ್ದು ಬೂದಿ, ತೆಂಗಿನ ನಾರು ಹಿಡಿದು ಕೂತರು. "ಹೊಳಪೇ ಬರಲಿಲ್ಲ ಕಣಪ್ಪಾ, ಅದಕ್ಕೇ ಇನ್ನಷ್ಟು ಗಟ್ಟಿಯಾಗಿ ಉಜ್ಜಿದೆ" ಅಂದರು. ಹುಣಸೆ ಹುಳಿ. ಬೂದಿ ಕ್ಷಾರ. ಅಲ್ಯೂಮಿನಿಯಂ ಪಾಪ ಎರಡಕ್ಕೂ ಕರಗುವ ಲೋಹ, ಅದರ ಆಕ್ಸೈಡೂ ಹಾಗೇ. ಸಾಲದ್ದಕ್ಕೆ ನಾರು. ಅಜ್ಜಿ ಒಂದನ್ನೂ ಬಿಟ್ಟಿರಲಿಲ್ಲ!

ಭೂತಗನ್ನಡಿ ಹಿಡಿದು ನೋಡಿದೆ. ರಿಂಗಿನ ಹೊರಮೈ ಪೂರ್ತಿ ಬೆಳ್ಳಗೆ, ಸಣ್ಣ ಸಣ್ಣ ಗೀರುಗಳು. ಆದರೆ ಎರಡು ರಿಂಗು ಒಂದರೊಳಗೊಂದು ಕೂರುವ ಜಾಗದಲ್ಲಿ, ನಾರು ಹೋಗಲಾಗದ ಸಂದಿಯಲ್ಲಿ, ಒಂದು ಕೂದಲೆಳೆಯಷ್ಟು ನೇರಳೆ ಉಳಿದಿತ್ತು. ಹುಡುಗಿಗೆ ಅದೇ ಆಸೆ. "ಒಳಗೆ ಇದೆಯಲ್ಲ ಸಾರ್, ಹೊರಗೂ ಹಾಕಿಕೊಡಿ" ಅಂದಳು.

ಆಗುವುದಿಲ್ಲ. ಹೊಸ ಬಣ್ಣ ಹಾಕಬೇಕಾದರೆ ಉಳಿದ ಹಳೇ ಪದರವನ್ನೆಲ್ಲ ಕಾಸ್ಟಿಕ್ ಸೋಡಾದಲ್ಲಿ ಕರಗಿಸಬೇಕು. ರಿಂಗು ಇನ್ನೂ ತೆಳ್ಳಗಾಗುತ್ತದೆ. ಆಮೇಲೆ ಒಂದೊಂದು ರಿಂಗಿಗೂ ಕರೆಂಟ್ ಸರಿಯಾಗಿ ತಲುಪಬೇಕು. ಹೆಣೆದ ಸರದಲ್ಲಿ ರಿಂಗುಗಳು ಸಡಿಲವಾಗಿ ತಾಗಿಕೊಂಡಿರುತ್ತವೆ. ಈ ಆಕ್ಸೈಡ್ ಪದರ ಕರೆಂಟ್ ಬಿಡುವುದಿಲ್ಲ, ಅದು ಬೆಳೆಯುತ್ತಿದ್ದ ಹಾಗೆ ಮುಂದಿನ ರಿಂಗಿಗೆ ದಾರಿಯೇ ಬಂದ್. ಒಂದು ನೇರಳೆ, ಪಕ್ಕದ್ದು ಬೋಳು ಬಿಳಿ. ಅದಕ್ಕೇ ಬಣ್ಣ ಹಾಕಿದ ರಿಂಗು ತಂದು ಹೆಣೆಯುತ್ತಾರೆಯೇ ಹೊರತು, ಹೆಣೆದು ಬಣ್ಣ ಹಾಕುವುದಿಲ್ಲ. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹುಡುಗಿಯ ಕಣ್ಣಲ್ಲಿ ನೀರು. ಅಜ್ಜಿ ಮಾತ್ರ ಸರ ಇಸಿದುಕೊಂಡು, "ಬಿಳಿಯದು ನನಗೇ ಇರಲಿ ಬಿಡು, ಬೆಳ್ಳಿ ಥರಾನೇ ಇದೆ" ಅಂದು ಅಲ್ಲೇ ಕೊರಳಿಗೆ ಹಾಕಿಕೊಂಡರು.

ವಾರ ಕಳೆಯುವಷ್ಟರಲ್ಲಿ ಅಜ್ಜಿಯ ಫೋನು. "ಏನಪ್ಪಾ, ನಿನ್ನ ಅಲ್ಯೂಮಿನಿಯಂ ನನ್ನ ಕುತ್ತಿಗೆ ಸುತ್ತ ಕಪ್ಪು ಗೆರೆ ಎಳೆದಿದೆಯಲ್ಲ!" ಅಲ್ಯೂಮಿನಿಯಂ ನನ್ನದೇನಲ್ಲ, ಹೋಗಲಿ. ಪದರ ಹೋದ ಮೇಲೆ ಉಳಿದದ್ದು ಬೋಳು ಲೋಹ. ಅದು ಮೆತ್ತಗೆ. ರಿಂಗಿಗೆ ರಿಂಗು ತೀಡಿ ಬರುವ ನುಣ್ಣನೆ ಪುಡಿ ಕಪ್ಪಗೆ ಕಾಣುತ್ತದೆ.

ಬಣ್ಣವಿಲ್ಲದ ಬೋಳು ರಿಂಗುಗಳನ್ನೇ ಕೊಂಡು ಹೆಣೆಯುವವರಿಗೂ ಇದೇ ಕಪ್ಪಿನ ಕಾಟ. ಹೆಣೆಯುವ ಮೊದಲು ಮುಚ್ಚಳದ ಡಬ್ಬಿಗೆ ಹಾಕಿ, ಸೋಪು ನೀರು ಸುರಿದು ಚೆನ್ನಾಗಿ ಕುಲುಕಿ. ನೀರು ಬೂದು ಬಣ್ಣಕ್ಕೆ ತಿರುಗುತ್ತದೆ. ಚೆಲ್ಲಿ, ಮತ್ತೆ ಹಾಕಿ. ನೀರು ತಿಳಿಯಾಗುವವರೆಗೂ ಇಷ್ಟೇ ಕೆಲಸ. ಬಣ್ಣದ ರಿಂಗುಗಳಿಗೆ ಅಷ್ಟು ಜೋರು ಬೇಡ. ಸೋಪು ನೀರಲ್ಲಿ ಐದು ನಿಮಿಷ ಬಿಟ್ಟು ಬೆರಳಲ್ಲಿ ಆಡಿಸಿದರೆ ಸಾಕು. ಸಂದಿಯಲ್ಲಿ ಕೊಳೆ ಇದ್ದರೆ ಮಕ್ಕಳ ಮೆತ್ತನೆ ಬ್ರಷ್. ಬ್ರಷ್ ಅಂದೆ, ಟೂತ್‌ಪೇಸ್ಟ್ ಅನ್ನಲಿಲ್ಲ. ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ.

ಬೆಳ್ಳಿ ಬಣ್ಣದ ರಿಂಗು ಆನೊಡೈಸ್ ಆದದ್ದೋ ಬೋಳೋ ಅಂತ ಅನುಮಾನವಾ? ಕರೆಂಟ್ ಹರಿಯುತ್ತದೋ ಇಲ್ಲವೋ ಅಂತ ನೋಡುವ ಮಲ್ಟಿಮೀಟರ್ ಮನೆಯಲ್ಲಿದ್ದರೆ, ಅದನ್ನು ಬೀಪ್ ಅನ್ನುವ ಸೆಟ್ಟಿಂಗಿಗೆ ತಿರುಗಿಸಿ, ಅದರ ಎರಡು ಕಡ್ಡಿಗಳನ್ನೂ ರಿಂಗಿಗೆ ಹಗುರವಾಗಿ ತಾಗಿಸಿ. ಬೀಪ್ ಅಂದರೆ ಬೋಳು. ಸುಮ್ನೆ ಇದ್ದರೆ ಆನೊಡೈಸ್. ಒತ್ತಬೇಡಿ, ಒತ್ತಿದರೆ ಪದರ ತೂತಾಗಿ ಅದೂ ಬೀಪ್ ಅನ್ನುತ್ತದೆ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಮ್ಯಾಟ್ ರಿಂಗನ್ನು ಪಳಪಳ ಮಾಡಿಕೊಡಿ ಅಂತ ಕೇಳುತ್ತಾರೆ. ಆ ಹೊಳಪು ಬಣ್ಣ ಹಾಕುವ ಮೊದಲೇ, ಬಿಸಿ ಆಸಿಡ್ ತೊಟ್ಟಿಯಲ್ಲಿ ಬರುವಂಥದ್ದು, ಆಮೇಲೆ ಯಾರಿಂದಲೂ ಆಗುವುದಿಲ್ಲ. ಕೊಳ್ಳುವಾಗಲೇ ಹೊಳೆಯುವುದನ್ನು ಆರಿಸಿ. ಬಟ್ಟೆಗೆ ಹಾಕುವ ಬ್ಲೀಚ್, ವಾಷಿಂಗ್ ಸೋಡಾ, ನಿಂಬೆಹಣ್ಣು ಹತ್ತಿರ ತರಬೇಡಿ. ತೊಳೆದ ಮೇಲೆ ಹಳೇ ಹತ್ತಿ ಬಟ್ಟೆಯಲ್ಲಿ ಒತ್ತಿ, ಫ್ಯಾನ್ ಕೆಳಗೆ ಹರಡಿ. ಬಿಸಿಲಿಗೆ ಬೇಡ, ಬಣ್ಣ ಬಿಸಿಲಿಗೆ ಮಾಸುತ್ತದೆ, ಅದರಲ್ಲೂ ಗುಲಾಬಿ, ನೇರಳೆಗಳು ಬೇಗ. ಒಲೆಯ ಮೇಲೆ ಕಾಯಿಸಿ ಒಣಗಿಸುವವರೂ ಇದ್ದಾರೆ! ಬಿಸಿಗೆ ಲೋಹ ಹಿಗ್ಗಿದಷ್ಟು ಮೇಲಿನ ಪದರ ಹಿಗ್ಗುವುದಿಲ್ಲ, ಸೀಳು ಬಿಡುತ್ತದೆ. ಇಕ್ಕಳ ಕೊಳ್ಳುವಾಗ ಬಾಯಿಯಲ್ಲಿ ಹಲ್ಲಿಲ್ಲದ್ದು ನೋಡಿ ಕೊಳ್ಳಿ, ಹಲ್ಲಿದ್ದರೆ ಗೀರು ಗ್ಯಾರಂಟಿ. ಮತ್ತೆ ಹಬ್ಬದ ಹಿಂದಿನ ದಿನ ಇಂಥ ಸರವನ್ನು ದೇವರ ಪಾತ್ರೆಗಳಿಂದ ದೂರ, ಬೀರುವಿನಲ್ಲಿ ಇಡಿ. ನಮಸ್ಕಾರ.