ಥೋಡಂ ಸರ್ಕಾ

ನಮಸ್ಕಾರ. ಕೆಳಗಿನ ರಿಕ್ಷಾ ಸ್ಟ್ಯಾಂಡಿನ ಗಲಾಟೆ ನಿಮಗೂ ಕೇಳಿಸುತ್ತಿರಬಹುದು. ಏನು ಮಾಡೋದು, ಮುಂಬಯಿ ಹತ್ತಿರದ ಈ ಡೊಂಬಿವಲಿಯಲ್ಲಿ ಇದಕ್ಕಿಂತ ನಿಶ್ಶಬ್ದದ ಮೂಲೆ ನನಗೆ ಸಿಕ್ಕಿಲ್ಲ. ಇವತ್ತಿನ ಮಾತು, "ನನ್ನಿಂದ ಆಗಲ್ಲ" ಅನ್ನೋ ನಂಬಿಕೆಯ ಬಗ್ಗೆ.

ಹೋದ ವರ್ಷ ಠಾಣೆಯ ಒಂದು ಹಾಲ್‌ನಲ್ಲಿ ವ್ಯಕ್ತಿತ್ವ ವಿಕಸನದ ಶಿಬಿರಕ್ಕೆ ಹೋಗಿದ್ದೆ. ಫೀಸು ಎಷ್ಟು ಅಂತ ಮನೆಯಲ್ಲಿ ಇವತ್ತಿಗೂ ಬಾಯಿಬಿಟ್ಟಿಲ್ಲ. ಕೋಟು ಹಾಕಿದವರೊಬ್ಬರು ಎಲ್ಲರನ್ನೂ ಎಬ್ಬಿಸಿ, ಎದೆ ಮೇಲೆ ಕೈ ಇಡಿಸಿ, "ನಾನು ಅಸಾಧಾರಣ" ಅಂತ ಮೂರು ಸಲ ಕೂಗಿಸಿದರು. ಆಮೇಲೆ ಮನೆಪಾಠ: ಒಂದು ವಾಕ್ಯ ಆರಿಸಿಕೊಂಡು 21 ದಿನ ಕನ್ನಡಿ ಮುಂದೆ ಹೇಳಬೇಕು. ಹಳೇ ನಂಬಿಕೆ ಉದುರಿ ಹೊಸದು ಚಿಗುರುತ್ತದಂತೆ. ನನ್ನ ವಾಕ್ಯ, "ನಾನು ಅದ್ಭುತ ಮಾತುಗಾರ್ತಿ". ಒಂಬತ್ತು ದಿನ ಹೇಳಿದೆ. ಹತ್ತನೇ ದಿನ ಕನ್ನಡಿಯೊಳಗಿನವಳು ಕೇಳಿಯೇಬಿಟ್ಟಳು: "ಹೌದಾ? ಮೊನ್ನೆ ಆಫೀಸಲ್ಲಿ ಸಾಹೇಬರು ಜಿಎಸ್‌ಟಿ ಲೆಕ್ಕ ಕೇಳಿದಾಗ ತೆಪ್ಪಗೆ ಕೂತಿದ್ದವಳು ಯಾರು?"

ಅಲ್ಲಿಗೆ ಮುಗೀತು.

ಈ 21 ದಿನದ ಲೆಕ್ಕ ಎಲ್ಲಿಂದ ಬಂತು ಗೊತ್ತಾ? 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಬರೆದದ್ದು. ಆಪರೇಶನ್ ಆದವರಿಗೆ ಹೊಸ ಮುಖ ಒಗ್ಗಿಹೋಗಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಗಮನಿಸಿದ್ದರು. ಆ "ಕಡಿಮೆ ಅಂದರೂ" ಎಲ್ಲೋ ದಾರಿಯಲ್ಲಿ ಉದುರಿಹೋಯ್ತು. ಇನ್ನು ಆ ಕನ್ನಡಿ ಮಂತ್ರ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. "ನಾನು ಪ್ರೀತಿಗೆ ಅರ್ಹ" ಅನ್ನೋ ಥರದ ಮಾತನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿದರು. ತಮ್ಮ ಬಗ್ಗೆ ಮೊದಲೇ ಒಳ್ಳೇ ಅಭಿಪ್ರಾಯ ಇದ್ದವರಿಗೆ ಒಂಚೂರು ಹಿತವಾಯ್ತು. ಇಲ್ಲದವರಿಗೆ ಮೊದಲಿಗಿಂತ ಬೇಜಾರಾಯ್ತು. ಹೊಟ್ಟೆ ತುಂಬಿದವರಿಗೇ ಇನ್ನೊಂದು ಹೋಳಿಗೆ.

ನನಗೆ ಮಾತು ಬರಲ್ಲ ಅನ್ನೋ ನನ್ನ ನಂಬಿಕೆಯ ಹುಟ್ಟು ನನಗೆ ಚೆನ್ನಾಗಿ ನೆನಪಿದೆ. ಆರನೇ ಕ್ಲಾಸು, ಶಾಲೆಯ ವಾರ್ಷಿಕೋತ್ಸವ, ಪದ್ಯದ ಮಧ್ಯೆ ತೊದಲಿ ನಿಂತೆ. ಮೇಷ್ಟ್ರು ನಗುತ್ತಾ, "ಇವಳಿಗೆ ಬಾಯಿಲ್ಲ" ಅಂದರು. ಬಹುಶಃ ಮಾರನೇ ದಿನವೇ ಮರೆತಿರುತ್ತಾರೆ. ನಾನು ಅದನ್ನು ಮದುವೆಯಾಗಿ ಬರುವಾಗ ಟ್ರಂಕಿನಲ್ಲಿಟ್ಟುಕೊಂಡು ಮುಂಬಯಿಗೂ ತಂದೆ. ಇಲ್ಲಿ ಮರಾಠಿ ಬರಲ್ಲ ಅನ್ನೋದೂ ಸೇರಿಕೊಂಡಿತು. ಬಾಯಿಲ್ಲ ಅಂತ ಮಾತಾಡಲಿಲ್ಲ. ಮಾತಾಡಲಿಲ್ಲವಲ್ಲ, ನೋಡು, ಬಾಯಿಲ್ಲ.

ಲೋಕಲ್ ರೈಲಿನ ಲೇಡೀಸ್ ಡಬ್ಬಿ ಬಲ್ಲವರಿಗೆ ನಾಲ್ಕನೇ ಸೀಟು ಗೊತ್ತಿರುತ್ತದೆ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಮೈ ಊರೋ ಜಾಗ. ಅದಕ್ಕೂ ಬಾಯಿ ಬೇಕು. ವರ್ಷಗಟ್ಟಲೆ ನಾನು ಡೊಂಬಿವಲಿಯಿಂದ ಮುಂಬಯಿಯ ಕೊನೇ ಸ್ಟೇಷನ್ ಸಿಎಸ್‌ಎಂಟಿವರೆಗೆ ನಿಂತೇ ಹೋದೆ. ಯಾರಾದರೂ "ಕುಠೇ ಉತರ್ಣಾರ್?", ಎಲ್ಲಿ ಇಳೀತೀರಿ, ಅಂತ ಮರಾಠಿಯಲ್ಲಿ ಕೇಳಿದರೂ ಕೇಳಿಸದ ಹಾಗೆ ಕಿಟಕಿ ನೋಡ್ತಿದ್ದೆ.

1967ರಲ್ಲಿ ಅಮೆರಿಕದಲ್ಲಿ ಸೆಲಿಗ್‌ಮನ್ ಮತ್ತು ಮಾಯರ್ ಅನ್ನೋ ಮನಶ್ಶಾಸ್ತ್ರಜ್ಞರು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕ್ರೂರವಾದದ್ದೇ. ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಹಾರಿ ದಾಟುವಷ್ಟು ಗಿಡ್ಡ ಅಡ್ಡಗೋಡೆ ಇದ್ದರೂ ಅಲ್ಲೇ ಮಲಗಿಬಿಟ್ಟವು. ಈ ಕಥೆ ಎಲ್ಲ ಶಿಬಿರಗಳಲ್ಲೂ ಹೇಳ್ತಾರೆ. ಆಮೇಲಿನದ್ದು ಹೇಳಲ್ಲ. ಆ ನಾಯಿಗಳನ್ನು ಸರಿಮಾಡಿದ್ದು ಪುಸಲಾಯಿಸಿ ಅಲ್ಲ. ಕತ್ತಿನ ಹಗ್ಗ ಹಿಡಿದು ಮತ್ತೆ ಮತ್ತೆ ಆಚೆ ಎಳೆದು ದಾಟಿಸಿದರು, ಆಮೇಲೆ ಅವೇ ದಾಟಿದವು. 2016ರಲ್ಲಿ ಅದೇ ಇಬ್ಬರು, ನಾವು ಅಂದುಕೊಂಡದ್ದು ತಿರುವುಮುರುವಾಗಿತ್ತು ಅಂತ ಬರೆದರು: ಕೈಚೆಲ್ಲೋದು ಕಲಿತು ಬರೋದಲ್ಲ, ಅದು ಜೀವದ ಮೊದಲ ಪ್ರತಿಕ್ರಿಯೆ. ಕಲಿಯಬೇಕಾದದ್ದು, ನನ್ನ ಕೈಯಲ್ಲೂ ಏನೋ ಇದೆ ಅನ್ನೋದನ್ನ.

ನನ್ನ ಹಗ್ಗ ಉಳುಕಿದ ಪಾದ. ಮಳೆಗಾಲದ ಒಂದು ಬೆಳಿಗ್ಗೆ ನಿಲ್ಲೋಕೇ ಆಗಲಿಲ್ಲ. "ಥೋಡಂ ಸರ್ಕಾ" ಅಂದೆ, ಮರಾಠಿಯಲ್ಲಿ ಸ್ವಲ್ಪ ಸರಿಯಿರಿ ಅಂತ. ಮೆಂತೆಸೊಪ್ಪು ಬಿಡಿಸುತ್ತಾ ಕೂತಿದ್ದ ಅಜ್ಜಿ ತಲೆ ಕೂಡ ಎತ್ತದೆ ಸರಿದರು. ಅಷ್ಟೇ. ಯಾರೂ ನಗಲಿಲ್ಲ, ನನ್ನ ಉಚ್ಚಾರ ತಿದ್ದಲಿಲ್ಲ. ಇಷ್ಟು ವರ್ಷ ನಾನು ಹೆದರಿಕೊಂಡಿದ್ದ ಘಟನೆ ನಡೆಯಲೇ ಇಲ್ಲ. ಕುರ್ಲಾ ಬರೋವರೆಗೂ ಸಿಟ್ಟು ಬರ್ತಿತ್ತು ನನಗೆ, ನನ್ನ ಮೇಲೇ.

ನಮ್ಮ ಮಾವ, ಅಮ್ಮನ ತಮ್ಮ, ಹುಡುಗನಾಗಿದ್ದಾಗ ಊರು ಬಿಟ್ಟು ಬಂದು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಲೋಟ ತೊಳೆದವರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಆ ರಾತ್ರಿಶಾಲೆಗಳಿಂದ ಈ ಊರಿನ ಎಷ್ಟು ಕನ್ನಡಿಗರ ಬದುಕು ತಿರುಗಿತು ಅನ್ನೋದು ಬೇರೆಯೇ ಒಂದು ಸಂಚಿಕೆಯ ವಿಷಯ. ಮೊದಲ ವರ್ಷ ಮಾವ ಬೆಂಚಿನ ಮೇಲೆ ನಿದ್ದೆ ಹೊಡೆದರಂತೆ. ಮತ್ತೆ ಓದಿದ್ದು ಹೇಗೆ ಅಂತ ಕೇಳಿದೆ. "ಪಕ್ಕದ ಹೋಟೆಲಿನವ ಪಾಸಾದ ಮಾರಾಯ್ತಿ. ಅವನೂ ನನ್ನ ಹಾಗೆ ಲೋಟ ತೊಳೆಯುವವನೇ. ಮತ್ತೆ ನನಗೆಂತ ಧಾಡಿ?" ಕೊನೆಗೆ ಮಾವ ಗಲ್ಲಾದಲ್ಲಿ ಕೂತರು. ನನ್ನಿಂದಾಗುತ್ತದೆ ಅನ್ನೋ ನಂಬಿಕೆಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದರು. ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ವತಃ ಮಾಡಿ ನೋಡಿದ್ದು. ಇನ್ನೊಂದು, ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ಕಂಡದ್ದು. ಬೇರೆಯವರು ಹುರಿದುಂಬಿಸೋದೂ ಪಟ್ಟಿಯಲ್ಲಿದೆ, ಆದರೆ ಅದರ ಬಲ ಕಡಿಮೆ. ನಾನು ಫೀಸು ಕಟ್ಟಿದ್ದು ಅದಕ್ಕೇ.

ಒಂದು ಜಗಳ ಮಾತ್ರ ಬಾಕಿ ಇದೆ. ಎಲ್ಲ ಅಡ್ಡಿಯೂ "ನಿಮ್ಮ ನಂಬಿಕೆಯಲ್ಲಿದೆ" ಅನ್ನೋರ ಹತ್ತಿರ. ಮುಂಬಯಿಯಲ್ಲಿ ಮನೆ ಡಿಪಾಸಿಟ್ ನನ್ನ ನಂಬಿಕೆಯಲ್ಲ. ರಾತ್ರಿ ಎಂಟಕ್ಕೆ ಮನೆ ಸೇರಿ ಒಲೆ ಹಚ್ಚೋಳಿಗೆ ಟೈಮಿಲ್ಲ ಅನ್ನೋದು ಲೆಕ್ಕ, ನೆಪ ಅಲ್ಲ. ನಿಜವಾದ ಗೋಡೆಯನ್ನೂ ಕಲ್ಪನೆ ಅಂತ ಹೇಳಿಸಿಕೊಂಡು ಬಂದರೆ, ತಲೆ ಜಜ್ಜಿಕೊಂಡ ಮೇಲೆ ತಪ್ಪೂ ನಮ್ಮದೇ ಆಗುತ್ತದೆ.

ಹಾಗಾಗಿ ನಾನು ವಾಕ್ಯ ಬದಲಾಯಿಸಿದೆ. "ಅದ್ಭುತ ಮಾತುಗಾರ್ತಿ" ಕಿತ್ತುಹಾಕಿದೆ. ಈಗ ರೈಲ್ವೆ ಪಾಸಿನ ಹಿಂದೆ ಒಂದು ಚೀಟಿ ಇದೆ: "ಮೊದಲ ಎರಡು ನಿಮಿಷ ಗಂಟಲು ಒಣಗುತ್ತದೆ, ಆಮೇಲೆ ಮಾತು ಬರುತ್ತದೆ." ದೊಡ್ಡ ಮಾತೇನಲ್ಲ, ಆದರೆ ಕನ್ನಡಿಯವಳು ಇದಕ್ಕೆ ಎದುರು ಮಾತಾಡಲ್ಲ. ನಾಲ್ಕು ಸಲ ಹಾಗೇ ಆಗಿದೆ, ಅವಳೂ ನೋಡಿದ್ದಾಳೆ.

ಮೊನ್ನೆ ಸೋಮವಾರ ಐದನೇ ಸಲ. ಜಿಎಸ್‌ಟಿ ಲೆಕ್ಕವೇ. ಗಂಟಲು ಒಣಗಿದ್ದು ಎರಡಲ್ಲ, ಸುಮಾರು ಐದು ನಿಮಿಷ. ಚೀಟಿ ತಿದ್ದಬೇಕು.